ಶಿವನಸಮುದ್ರ ಸೀಮೆಯ ಊರಶಾಲೆ: ಕೂಲಿಮಠದಿಂದ ಇಂದಿನವರೆಗೆ

ಮಳವಳ್ಳಿ ತಾಲ್ಲೂಕಿನ ದಕ್ಷಿಣದಂಚಿನಲ್ಲಿ ಕಾವೇರಿಯು ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಳಸಿಕೊಂಡು, ಪಶ್ಚಿಮದ ಕವಲಿನಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದ ಕವಲಿನಲ್ಲಿ ಭರಚುಕ್ಕಿಯಾಗಿಯೂ ಧುಮುಕಿ ಮತ್ತೆ ಒಂದಾಗುತ್ತದೆ. ಈ ದ್ವೀಪಕ್ಕೂ ಅದರ ಆಸುಪಾಸಿಗೂ ಶಿವನಸಮುದ್ರವೆಂದು ಹೆಸರು. ಹೆಸರಿನಲ್ಲಿ ಶಿವನಿದ್ದರೂ ದ್ವೀಪದಲ್ಲಿ ಸೋಮೇಶ್ವರನೂ ಮಧ್ಯರಂಗನೂ ಜೊತೆಯಾಗಿಯೇ ನೆಲೆಸಿದ್ದಾರೆ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನವನೀತ. ಪೀರ್ ವಲಿಯ ದರ್ಗಾ ಕೂಡ ಇಲ್ಲಿಯೇ ಇದೆ. ಜಲಪಾತವನ್ನು ನೋಡಲು ಬರುವ ಯಾತ್ರಿಕರಿಗೆ ಇವೆಲ್ಲ ಪರಿಚಿತ. ಆದರೆ ದಾರಿಯ ಬದಿಯಲ್ಲಿ, ಬೇವಿನ ಮರದ ನೆರಳಿನಲ್ಲಿ ಹೆಂಚಿನ ಮಾಡು ಹೊದ್ದು ನಿಂತಿರುವ ಪ್ರಾಥಮಿಕ ಶಾಲೆಗಳತ್ತ ಕಣ್ಣು ಹಾಯಿಸುವವರು ವಿರಳ. ಈ ಲೇಖನವು ಯಾವುದೋ ಒಂದೇ ಶಾಲೆಯ ಚರಿತ್ರೆಯಲ್ಲ. ಈ ನದೀದಂಡೆಯಲ್ಲಿ ಊರಶಾಲೆ ಎಂಬುದು ಹೇಗೆ ಹುಟ್ಟಿತು, ಯಾವ ಪರಿಸರದಲ್ಲಿ ಬೆಳೆಯಿತು, ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸದ್ಭಕ್ತರ ಅವಗಾಹನೆಗಾಗಿ ಇಲ್ಲಿ ಸಂಗ್ರಹಿಸಿದ್ದೇವೆ.

ಕೂಲಿಮಠ

ಸರ್ಕಾರದ ಶಾಲೆಗಳು ಬರುವ ಮುನ್ನ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅಕ್ಷರವು ಉಳಿದುಕೊಂಡಿದ್ದು ಕೂಲಿಮಠಗಳಲ್ಲಿ. ‘ಮಠ’ ಎಂಬ ಪದವು ಇಲ್ಲಿ ಗುರುಪೀಠವನ್ನು ಸೂಚಿಸದೆ ಪಾಠ ಹೇಳುವ ತಾಣವನ್ನು ಸೂಚಿಸುತ್ತದೆ. ಊರಿನ ಗುಡಿಯ ಅಂಕಣ, ಮಠದ ಪಡಸಾಲೆ, ಗೌಡರ ಮನೆಯ ಜಗುಲಿ, ಇವುಗಳಲ್ಲಿ ಒಂದು ದೊರೆತರೆ ಶಾಲೆ ನಡೆಯುತ್ತಿತ್ತು. ಕಲಿಸುವವರನ್ನು ಐಗಳು ಎಂದು ಕರೆಯುವ ವಾಡಿಕೆ ಕನ್ನಡನಾಡಿನ ಹಲವೆಡೆ ಇತ್ತು. ‘ಅಯ್ಯ’ ಎಂಬ ಗೌರವವಾಚಕದಿಂದ ಬಂದ ಈ ಮಾತು, ಜಂಗಮರು ಊರೂರಿನಲ್ಲಿ ಅಕ್ಷರ ಕಲಿಸುತ್ತಿದ್ದ ಕಾಲವನ್ನು ಇಂದಿಗೂ ತನ್ನೊಳಗೆ ಇಟ್ಟುಕೊಂಡಿದೆ.

ಆ ಶಾಲೆಯ ಸಲಕರಣೆಗಳು ಅಲ್ಪ. ಮೊದಲು ಮರಳು. ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಮಗುವಿನ ತೋರುಬೆರಳನ್ನು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು; ಹೊಳೆಯ ದಂಡೆಯ ಊರುಗಳಲ್ಲಿ ಮರಳಿಗೇನೂ ಕೊರತೆಯಿರಲಿಲ್ಲ. ಕೈ ಕುದುರಿದ ಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವಿದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಊರಿನ ಲೆಕ್ಕಪತ್ರಗಳೂ ಕಡತದಲ್ಲಿಯೇ ಇರುತ್ತಿದ್ದವು. ಇಂದು ಸರ್ಕಾರಿ ಕಚೇರಿಗಳಲ್ಲಿ ‘ಕಡತ ವಿಲೇವಾರಿ’ ಎನ್ನುವಾಗ ನಾವು ಬಳಸುವುದು ಇದೇ ಪದವನ್ನು.

ಪಾಠದ ಕ್ರಮವು ಕಂಠಪಾಠದ ಕ್ರಮ. ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಲೆಕ್ಕ, ಅಮರಕೋಶ, ಜೈಮಿನಿ ಭಾರತದ ಸಂಧಿಗಳು. ಅರ್ಥವು ಆಮೇಲೆ ಬರುತ್ತಿತ್ತು, ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ದಂಡನೆಯಂತೂ ಕಠಿಣ. ಗುರುಗಳ ಜೀವನವು ಭತ್ತ, ರಾಗಿ, ಹಬ್ಬದ ಕಾಣಿಕೆಗಳಿಂದ ಸಾಗುತ್ತಿತ್ತು. ಮಹಾನವಮಿಯ ದಿನಗಳಲ್ಲಿ ಮಕ್ಕಳು ಮನೆಮನೆಗೆ ಹೋಗಿ ಪದ ಹೇಳಿ ಕಾಣಿಕೆ ಎತ್ತಿ ತಂದು ಗುರುಗಳಿಗೆ ಒಪ್ಪಿಸುವ ಪದ್ಧತಿಯೂ ಇತ್ತು. ಈ ವ್ಯವಸ್ಥೆಯನ್ನು ನೆನೆದು ಹೊಗಳುವವರು ನಮ್ಮಲ್ಲಿ ಹಲವರಿದ್ದಾರೆ. ಹೊಗಳಿಕೆಗೆ ತಕ್ಕ ಗುಣಗಳು ಅದರಲ್ಲಿ ಇದ್ದವು, ನಿಜ. ಆದರೆ ಹೆಣ್ಣುಮಕ್ಕಳಿಗೂ, ಊರ ಹೊರಗೆ ಇರಿಸಲ್ಪಟ್ಟವರ ಮಕ್ಕಳಿಗೂ ಆ ಜಗುಲಿಯ ಮೇಲೆ ಸ್ಥಳವಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕರಂಥ ಕಾಯಕದ ಶರಣೆಯರು ಹನ್ನೆರಡನೆಯ ಶತಮಾನದಲ್ಲಿಯೇ ವಚನಗಳನ್ನು ರಚಿಸಿದ್ದ ನಾಡಿನಲ್ಲಿ, ಏಳು ನೂರು ವರ್ಷಗಳ ಬಳಿಕವೂ ರೈತಾಪಿ ಮನೆಯ ಹುಡುಗಿಗೆ ಮರಳಿನ ಮೇಲೆ ಬೆರಳಾಡಿಸುವ ಅವಕಾಶವಿಲ್ಲದೆ ಹೋದದ್ದನ್ನು ನಾವು ಮರೆಮಾಚಬೇಕಾಗಿಲ್ಲ.

ಅಕ್ಷರವಿಲ್ಲದವರಲ್ಲಿ ವಿದ್ಯೆಯಿರಲಿಲ್ಲವೆಂದು ಮಾತ್ರ ಯಾರೂ ಭಾವಿಸಬಾರದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆ, ಹೊಳೆಯಾಚೆಯ ಚಿಕ್ಕಲ್ಲೂರು, ಇನ್ನೂ ಆಚೆಯ ಮಲೆ ಮಹದೇಶ್ವರ ಬೆಟ್ಟ, ಇವುಗಳ ಸುತ್ತ ಬೆಳೆದ ಮಹಾಕಾವ್ಯಗಳನ್ನು ನೀಲಗಾರರೂ ದೇವರ ಗುಡ್ಡರೂ ರಾತ್ರಿಯಿಡೀ ಹಾಡಿ ಉಳಿಸಿಕೊಂಡು ಬಂದಿದ್ದಾರೆ. ಕಲ್ಯಾಣದ ಶರಣರ ಕಥೆಯು ಈ ಸೀಮೆಯ ನಿರಕ್ಷರಿಗಳಿಗೆ ತಲುಪಿದ್ದು ಪುಸ್ತಕದಿಂದಲ್ಲ, ತಂಬೂರಿಯ ನಾದದಿಂದ.

ಹೋಬಳಿ ಶಾಲೆಯಿಂದ ಕಡ್ಡಾಯ ಶಿಕ್ಷಣದತ್ತ

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಉಚಿತ ಶಾಲೆಯೊಂದನ್ನು ತೆರೆದರು. 1854ರ ವುಡ್ ವರದಿಯ ತರುವಾಯ, ಕಮಿಷನರರ ಆಡಳಿತದಲ್ಲಿ, 1857ರಲ್ಲಿ ಸಂಸ್ಥಾನಕ್ಕೆ ವಿದ್ಯಾ ಇಲಾಖೆ ಬಂದಿತು. ಆದರೆ ಇವು ಪಟ್ಟಣದ ಕಥೆಗಳು. ಹಳ್ಳಿಗೆ ಸಂಬಂಧಿಸಿದ ಮೊದಲ ದೊಡ್ಡ ಹೆಜ್ಜೆ 1868ರ ಹೋಬಳಿ ಶಾಲೆಗಳ ಯೋಜನೆ. ಹೋಬಳಿಗೊಂದರಂತೆ ಕನ್ನಡ ಶಾಲೆ ತೆರೆಯಬೇಕೆಂಬ ಈ ಯೋಜನೆಯ ಹಿಂದಿದ್ದವರು ಬಿ.ಎಲ್. ರೈಸ್; ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂಲಕ ನಮ್ಮ ಸಹಸ್ರಾರು ಶಾಸನಗಳನ್ನು ಬೆಳಕಿಗೆ ತಂದ ಅದೇ ರೈಸರು. ಕಲ್ಲಿನ ಅಕ್ಷರವನ್ನು ಓದಿದವರೇ ಹಳ್ಳಿಯ ಮಕ್ಕಳಿಗೆ ಅಕ್ಷರ ತಲುಪಿಸಲು ಯತ್ನಿಸಿದ್ದನ್ನು ಕೃತಜ್ಞತೆಯಿಂದ ನೆನೆಯಬೇಕು. ಹಳೆಯ ಕೂಲಿಮಠಗಳ ಗುರುಗಳಲ್ಲಿ ಹಲವರು ಕಾಲಕ್ರಮದಲ್ಲಿ ಇಲಾಖೆಯ ಮೇಷ್ಟರಾದರು. ಭತ್ತದ ಬದಲು ಸಂಬಳ ಬಂದಿತು, ಅದೂ ಅಲ್ಪವೇ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಜಾರಿಗೆ ಬಂದ ಪ್ರಾಥಮಿಕ ಶಿಕ್ಷಣ ಕಾನೂನು ಆಯ್ದ ಸ್ಥಳಗಳಲ್ಲಿ ಶಾಲೆಗೆ ಬರುವುದನ್ನು ಕಡ್ಡಾಯ ಮಾಡಿತು. 1930ರ ಕಾನೂನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. 1941ರ ಕಾಯಿದೆಯಿಂದ ಅವು ಮತ್ತೆ ಸರ್ಕಾರದ ಕೈಗೆ ಬಂದವು. ಅಷ್ಟರಲ್ಲಿ, 1939ರಲ್ಲಿ, ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ರೂಪುಗೊಂಡು ಮಳವಳ್ಳಿಯು ಅದಕ್ಕೆ ಸೇರಿತ್ತು.

ಬೆಳಕು ಹೋದ ದಾರಿ

ಶಿವನಸಮುದ್ರದ ಹೆಸರು ಭರತಖಂಡಕ್ಕೆಲ್ಲ ತಿಳಿದದ್ದು ಜಲವಿದ್ಯುತ್ತಿನಿಂದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಇಂಜಿನಿಯರ್ ಎ.ಸಿ. ಜೋಲಿ ದ ಲಾಟ್‌ಬಿನಿಯರ್ ರೂಪಿಸಿದ ಯೋಜನೆಯಂತೆ, ಪಶ್ಚಿಮ ಕವಲಿನ ಎಡದಂಡೆಯಲ್ಲಿ ವಿದ್ಯುದಾಗಾರ ಎದ್ದಿತು. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ಉದ್ದದ ತಂತಿಮಾರ್ಗ ಆಗ ಜಗತ್ತಿನಲ್ಲಿಯೇ ಅಪರೂಪ. ಅದನ್ನು ಕಾಣಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೂ 1908ರಲ್ಲಿ ಮೈಸೂರಿಗೂ ಇದೇ ನೀರಿನ ದೀಪ ಬಂದಿತು. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಯಂತ್ರಗಳು ನಿಲ್ಲದಿರಲೆಂಬುದೇ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಒಂದು.

ಶಾಲೆಯ ಚರಿತ್ರೆಗೆ ಇದರಿಂದ ಏನು? ಎರಡು ಸಂಗತಿಗಳಿವೆ. ಒಂದು, ವಿದ್ಯುದಾಗಾರದ ಸುತ್ತ ಜನ ಇಂದಿಗೂ ‘ಬ್ಲಫ್’ ಎಂದು ಕರೆಯುವ ನೌಕರರ ವಸತಿ ಬೆಳೆಯಿತು. ಗುಮಾಸ್ತರು, ಫಿಟ್ಟರರು, ಕಾವಲುಗಾರರು ದೂರದ ಊರುಗಳಿಂದ ಸಂಸಾರಸಮೇತ ಬಂದರು. ತಿಂಗಳ ಸಂಬಳ, ಪಾಳಿಯ ಕೆಲಸ, ಗಡಿಯಾರದ ಹೊತ್ತು, ಇವು ರಾಗಿ ಬೆಳೆಯುವ ಸೀಮೆಗೆ ಹೊಸ ಮಾತುಗಳು. ಓದಿದ ಹುಡುಗನಿಗೆ ಮನೆಯ ಹತ್ತಿರದಲ್ಲಿಯೇ ನೌಕರಿ ಸಿಗಬಹುದೆಂಬುದನ್ನು ರೈತರು ಕಣ್ಣಾರೆ ಕಂಡರು. ಅಕ್ಷರದ ಮೇಲಿನ ಆಸೆಗೆ ಇದಕ್ಕಿಂತ ಬಲವಾದ ಪ್ರಚೋದನೆ ಬೇರಿಲ್ಲ.

ಎರಡನೆಯದು ಅಷ್ಟು ಸಂತೋಷದ್ದಲ್ಲ. ತಲೆಯ ಮೇಲೆ ಹಾದುಹೋಗುವ ತಂತಿಯಲ್ಲಿ ಊರ ನೀರಿನ ಬೆಳಕು ದೂರದ ಗಣಿಗೆ ಹರಿಯುತ್ತಿದ್ದಾಗ, ತಂತಿಯ ಕೆಳಗಿನ ಗುಡಿಸಿಲಿನಲ್ಲಿ ಮಗುವು ಸೀಮೆಎಣ್ಣೆಯ ಬುಡ್ಡಿಯ ಮುಂದೆ ಕುಳಿತು ಓದುತ್ತಿತ್ತು. ಒಂದೆರಡು ವರ್ಷವಲ್ಲ, ತಲೆಮಾರುಗಳ ಕಾಲ. ಬಡವರ ಮನೆಗೊಂದು ದೀಪವೆಂಬ ಭಾಗ್ಯಜ್ಯೋತಿ ಯೋಜನೆ ಬಂದದ್ದು ಸ್ವಾತಂತ್ರ್ಯಾನಂತರದ ಹಲವು ದಶಕಗಳ ಮೇಲೆ. ಈ ಸೀಮೆಯ ಹಿರಿಯರು ‘ನಮ್ಮ ಹೊಳೆ ಊರಿಗೆಲ್ಲ ದೀಪ ಹಚ್ಚಿತು’ ಎಂದು ಹೆಮ್ಮೆಯಿಂದ ಹೇಳುವಾಗ ಆ ‘ಊರು’ ಯಾವುದೆಂದು ಕೇಳಬೇಕೆನಿಸುತ್ತದೆ.

ಹೊಳೆಯ ಎರಡು ದಡ, ಎರಡು ರಾಜ್ಯ

ಈ ಸೀಮೆಯ ಶಾಲಾಚರಿತ್ರೆಯಲ್ಲಿ ಬೇರೆಡೆ ಕಾಣದ ವಿಶೇಷವೊಂದಿದೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ನಡೆದ ಹಂಚಿಕೆಯಿಂದಾಗಿ ಕೊಳ್ಳೇಗಾಲವು ಕಂಪನಿಯ ವಶವಾಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ದ್ವೀಪವೂ ಆ ಕಡೆಗೇ ಸೇರಿತು. ಮಳವಳ್ಳಿಯ ದಡ ಮೈಸೂರು ಸಂಸ್ಥಾನದ್ದಾಗಿ ಉಳಿಯಿತು. ಹೀಗೆ ಒಂದೂವರೆ ಶತಮಾನದ ಕಾಲ ಕಾವೇರಿಯ ಒಂದು ಕವಲೇ ಎರಡು ಆಡಳಿತಗಳ ಗಡಿ. ಸತ್ತೇಗಾಲದ ಜಹಗೀರುದಾರರಾಗಿದ್ದ ರಾಮಸ್ವಾಮಿ ಮೊದಲಿಯಾರರು 1830ರ ದಶಕದ ಆದಿಯಲ್ಲಿ ಪೂರೈಸಿದ ಕಲ್ಲಿನ ಸೇತುವೆಗಳು ಈ ಎರಡೂ ದಡಗಳನ್ನು ದ್ವೀಪದ ಮೂಲಕ ಜೋಡಿಸಿದ್ದವು. ಬೀಗತನ, ಜಾತ್ರೆ, ದನದ ವ್ಯಾಪಾರ ಎಲ್ಲವೂ ಸೇತುವೆ ದಾಟಿ ನಡೆಯುತ್ತಿದ್ದವು. ಶಾಲೆ ಮಾತ್ರ ದಾಟಲಿಲ್ಲ. ಈಚೆಯ ಶಾಲೆಗೆ ಅಪ್ಪಣೆ ಬರುತ್ತಿದ್ದುದು ಮೈಸೂರು ಸರ್ಕಾರದಿಂದ. ಆಚೆಯ ಶಾಲೆಗೆ ಮದರಾಸಿನಿಂದ. ಎರಡೂ ಕಡೆಯ ಮಕ್ಕಳ ಮನೆಮಾತು ಒಂದೇ ಕನ್ನಡ.

ಈ ವ್ಯತ್ಯಾಸ ಎಷ್ಟು ದೂರ ಹೋಗಬಹುದಿತ್ತೆಂಬುದಕ್ಕೆ 1953–54ರ ಉದಾಹರಣೆ ಸಾಕು. ಅಂದಿನ ಮದರಾಸು ಮುಖ್ಯಮಂತ್ರಿ ರಾಜಾಜಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಮಕ್ಕಳನ್ನು ಎರಡು ಪಾಳಿಗಳಾಗಿ ವಿಂಗಡಿಸಿ, ಉಳಿದ ಹೊತ್ತನ್ನು ತಂದೆಯ ಕಸುಬು ಕಲಿಯಲು ಬಿಡಬೇಕೆಂಬ ಹೊಸ ಕ್ರಮವನ್ನು ತಂದರು. ಕೂಲಿಯವನ ಮಗ ಕೂಲಿಯವನಾಗಿಯೇ ಉಳಿಯಬೇಕೆ ಎಂಬ ಪ್ರಶ್ನೆ ಎದ್ದು ಪ್ರತಿಭಟನೆ ವ್ಯಾಪಿಸಿತು. 1954ರ ಏಪ್ರಿಲಿನಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಮುಂದಿನ ತಿಂಗಳು ಕಾಮರಾಜರು ಆ ಕ್ರಮವನ್ನು ಹಿಂತೆಗೆದುಕೊಂಡರು. ಕೊಳ್ಳೇಗಾಲ ಆಗ ಅದೇ ರಾಜ್ಯದಲ್ಲಿತ್ತು. ಕಾಯಕಕ್ಕೆ ದೇವರ ಸ್ಥಾನವನ್ನು ಕೊಟ್ಟ ಪರಂಪರೆಯವರಾದ ನಾವು ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶರಣರ ಕಾಯಕವು ಆಯ್ದುಕೊಂಡು, ಅರಿತು ಮಾಡುವಂಥದ್ದು. ಹುಟ್ಟಿನಿಂದ ಕಟ್ಟಿಹಾಕುವ ಕಸುಬಿಗೆ ಆ ಹೆಸರು ಸಲ್ಲದು.

1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದಾಗ ಹೊಳೆಯ ಎರಡೂ ದಡಗಳ ಶಾಲೆಗಳು ಒಂದೇ ಸರ್ಕಾರದವಾದವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದಿತು. ಇಂದು ಜಿಲ್ಲೆಗಳು ಬೇರೆಯಾದರೂ (1997ರಿಂದ ಕೊಳ್ಳೇಗಾಲವು ಚಾಮರಾಜನಗರ ಜಿಲ್ಲೆಯಲ್ಲಿದೆ) ಪಠ್ಯಪುಸ್ತಕ ಒಂದೇ.

ಹುಳುವಿನ ಮನೆ ಮತ್ತು ಹಾಜರಿ

ಹಳ್ಳಿಯ ಶಾಲೆಯ ವರ್ಷವನ್ನು ನಡೆಸುವುದು ಇಲಾಖೆಯ ವೇಳಾಪಟ್ಟಿ ಮಾತ್ರವೆಂದು ಭಾವಿಸುವುದು ತಪ್ಪು. ಮಳವಳ್ಳಿ, ಕೊಳ್ಳೇಗಾಲ ಎರಡೂ ರೇಷ್ಮೆಯ ಸೀಮೆಗಳು. ಹುಳು ನಾಲ್ಕನೆಯ ಜ್ವರ ಎದ್ದಮೇಲೆ ಅದರ ಹಸಿವು ಹೇಳತೀರದು. ಇಡೀ ಜೀವಿತದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ಏಳೆಂಟು ದಿನಗಳಲ್ಲಿ ತಿಂದು ಮುಗಿಸುತ್ತದೆ. ಆಗ ಮನೆಯ ಎಲ್ಲ ಕೈಗಳೂ ಬೇಕು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಅಜ್ಜಿಯಿಂದ ಮೂರನೆಯ ತರಗತಿಯ ಮೊಮ್ಮಗಳವರೆಗೆ ಯಾರಿಗೂ ಬಿಡುವಿಲ್ಲ. ಹಾಜರಿ ಪುಸ್ತಕದಲ್ಲಿ ಬರೆಯಲ್ಪಡುವ ‘ಗೈರು’ವಿಗೆ ಕಾರಣ ಸೋಮಾರಿತನವಲ್ಲ, ಹಿಪ್ಪುನೇರಳೆ ಸೊಪ್ಪು. ಕಬ್ಬು, ಭತ್ತದ ನಾಟಿ, ರಾಗಿಯ ಕಳೆ ಇವುಗಳದೂ ಇದೇ ಕಥೆ. ಇದನ್ನು ಬಲ್ಲ ಮೇಷ್ಟರು ಊರಿನಲ್ಲಿಯೇ ವಾಸವಿದ್ದು ಹುಳುವಿನ ಮನೆಯ ಬಾಗಿಲಿಗೇ ಹೋಗಿ ಮಗುವನ್ನು ಕರೆತರುತ್ತಿದ್ದರು. ಪಟ್ಟಣದಿಂದ ಬಸ್ಸಿನಲ್ಲಿ ಬಂದು ಹೋಗುವ ಶಿಕ್ಷಕರಿಗೆ ಮನಸ್ಸಿದ್ದರೂ ಇದು ಸುಲಭವಲ್ಲ.

ಹೊಳೆಯೂ ಒಂದು ವೇಳಾಪಟ್ಟಿಯೇ. 1924ರ ಜುಲೈನ ಮಹಾಪ್ರವಾಹವನ್ನು ಕಾವೇರೀತೀರದ ಊರುಗಳು ಬಹುಕಾಲ ನೆನೆದವು. ಈಚೆಗೆ 2018ರ ಆಗಸ್ಟಿನಲ್ಲಿ ವೆಲ್ಲೆಸ್ಲಿ ಸೇತುವೆಯ ಭಾಗವೊಂದು ಕೊಚ್ಚಿಹೋಯಿತು. ನೀರು ಏರಿದ ದಿನ ತಗ್ಗಿನ ಊರಿನ ಮಕ್ಕಳು ಶಾಲೆಗೆ ಬರಲಾರರು. ಅಂಥ ದಿನಗಳಲ್ಲಿ ಎತ್ತರದ ಶಾಲೆಯ ಕಟ್ಟಡವೇ ಊರವರ ಆಸರೆ.

1990ರ ದಶಕದಿಂದ ಈಚೆಗೆ ಆದ ಬದಲಾವಣೆಗಳು ಹೆಚ್ಚಿನವರಿಗೆ ತಿಳಿದವೇ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲ್ಗೊಂಡ ‘ನಲಿ-ಕಲಿ’ ಚಿಕ್ಕ ತರಗತಿಗಳ ಭಯವನ್ನು ಕಳೆಯಿತು. ಕೂಲಿಮಠದ ಬೆತ್ತದಿಂದ ಅಲ್ಲಿಗೆ ಬಹುದೂರ. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಬಿಸಿಯೂಟದ ಯೋಜನೆ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಸರ್ಕಾರವು ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟದ್ದು ಕಲ್ಯಾಣದ ಪದಕ್ಕೆ ಸಂದ ಗೌರವ. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ದಶಕಗಳ ಕಾಲ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಂದೇ ಪಂಕ್ತಿಯಲ್ಲಿ ನೀಡಿದ್ದನ್ನೂ, ಸುತ್ತೂರಿನ ಡಾ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದ್ದನ್ನೂ ಕಂಡ ನಾಡಿಗೆ ಆ ಹೆಸರು ಹೊಸದೆನಿಸಲಿಲ್ಲ. 2013ರಿಂದ ಕ್ಷೀರಭಾಗ್ಯವೂ ಸೇರಿತು.

ಮಕ್ಕಳಿಲ್ಲದ ಶಾಲೆ, ದಾಖಲೆಯಿಲ್ಲದ ನೆಲ

ಇಷ್ಟೆಲ್ಲ ಬಂದ ಮೇಲೆ ಈಗ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ. ದುಡಿಮೆಗಾಗಿ ಸಂಸಾರಗಳು ಬೆಂಗಳೂರು ಮೈಸೂರು ಸೇರಿವೆ. ಉಳಿದವರ ಬಾಗಿಲಿಗೆ ಖಾಸಗಿ ಶಾಲೆಯ ಹಳದಿ ವ್ಯಾನು ಬರುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕದಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಕಿರಿಯ ಪ್ರಾಥಮಿಕ ಶಾಲೆಯೆಂದರೆ ಐದು ತರಗತಿಗಳು; ಇಬ್ಬರಲ್ಲಿ ಒಬ್ಬರು ಸಭೆಗೋ ತರಬೇತಿಗೋ ಗಣತಿಗೋ ಹೋದರೆ ಐದೂ ತರಗತಿ ಒಬ್ಬರ ಪಾಲು. ಇದನ್ನು ಕಂಡು ಇನ್ನೆರಡು ಮನೆಯವರು ವ್ಯಾನು ಹತ್ತಿಸುತ್ತಾರೆ. ಶಾಲೆ ಕೆಟ್ಟದ್ದರಿಂದ ಮಕ್ಕಳು ಹೋದರೋ, ಮಕ್ಕಳು ಹೋದದ್ದರಿಂದ ಶಾಲೆ ಕೆಟ್ಟಿತೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಕೊನೆಯವರೆಗೂ ಆ ಶಾಲೆಯಲ್ಲಿ ಉಳಿಯುವವರು ಶುಲ್ಕ ತೆರಲಾರದ ಮನೆಯ ಮಕ್ಕಳು, ಅವರಲ್ಲಿಯೂ ಹೆಣ್ಣುಮಕ್ಕಳು. ಶಾಲೆ ಮುಚ್ಚಿದರೆ ಮೈಲಿ ದೂರ ನಡೆಯಬೇಕಾದವರು ಅವರೇ. ಒಂದು ಕಿಲೋಮೀಟರಿನೊಳಗೆ ಐದನೆಯ ತರಗತಿಯವರೆಗಿನ ಶಾಲೆ ಇರಬೇಕೆಂಬ ನಿಯಮವು ಇರುವುದು ಅವರಿಗಾಗಿ.

ಇನ್ನೊಂದು ಸಂಗತಿ ಬಹಳ ಭಕ್ತರ ಗಮನಕ್ಕೆ ಬಂದಂತಿಲ್ಲ. ಹಳೆಯ ಊರಶಾಲೆಗಳಲ್ಲಿ ಅನೇಕವು ನಿಂತಿರುವುದು ದಾನದ ನೆಲದ ಮೇಲೆ. ಹಿರಿಯರು ಊರ ಮುಂದೆ ಬಾಯಿಮಾತಿನಲ್ಲಿ ನೆಲ ಕೊಟ್ಟರು, ಕಟ್ಟಡ ಎದ್ದಿತು, ಪಹಣಿಯಲ್ಲಿ ಹೆಸರು ಮಾತ್ರ ದಾನಿಯದೇ ಉಳಿಯಿತು. ಎರಡು ತಲೆಮಾರು ಕಳೆದು, ರಸ್ತೆ ಅಗಲವಾಗಿ, ನೆಲದ ಬೆಲೆ ಏರಿದಾಗ ಮೊಮ್ಮಕ್ಕಳು ತಕರಾರು ತೆಗೆಯುವುದು ರಾಜ್ಯದ ನಾನಾ ಕಡೆ ನಡೆದಿದೆ. ಮಕ್ಕಳ ಸಂಖ್ಯೆ ಇಳಿದ ಶಾಲೆಗೆ ಈ ಅಪಾಯ ಹೆಚ್ಚು. ಅಜ್ಜ ಕೊಟ್ಟದ್ದನ್ನು ಮೊಮ್ಮಗ ಕೇಳುವುದು ದಾಸೋಹ ಪರಂಪರೆಗೆ ಒಪ್ಪುವ ನಡತೆಯಲ್ಲವೆಂದು ಹೇಳಿದರೆ ಸಾಲದು, ಕಾಗದ ಬೇಕು.

ಕಾಗದ ಎಲ್ಲಿರುತ್ತದೆ? ಶಾಲೆಯ ಕಬ್ಬಿಣದ ಬೀರುವಿನಲ್ಲಿ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ತಪಾಸಣಾಧಿಕಾರಿಗಳ ಭೇಟಿಪುಸ್ತಕ, ಸಾಮಾನುಗಳ ಪಟ್ಟಿ ಈ ನಾಲ್ಕು ಸಿಕ್ಕಿದರೆ ಒಂದು ಶಾಲೆಯ ಚರಿತ್ರೆಯನ್ನು ಬರೆಯಬಹುದು. ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ಜಾತಿ, ಸೇರಿದ ದಿನ, ಬಿಟ್ಟ ದಿನ ಎಲ್ಲ ಇರುತ್ತವೆ. ಮೊದಲ ಹೆಣ್ಣುಮಗಳು ಯಾವ ವರ್ಷ ಸೇರಿದಳು, ಕೇರಿಯ ಮೊದಲ ಮಗು ಯಾವ ವರ್ಷ ಬಂದಿತು, ಬರದ ವರ್ಷ ಎಷ್ಟು ಮಂದಿ ಬಿಟ್ಟರು ಎಂಬುದನ್ನು ಈ ಪುಸ್ತಕವೊಂದೇ ಹೇಳಬಲ್ಲದು. ಜನ್ಮದಿನಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಆರು ವರ್ಷ ತುಂಬಲೆಂದು ಮೇಷ್ಟರೇ ಬರೆದುಕೊಂಡ ದಿನಾಂಕಗಳವು; ಆದ್ದರಿಂದಲೇ ಹಳೆಯ ತಲೆಮಾರಿನ ಅರ್ಧ ಊರು ಬೇಸಗೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ಹುಟ್ಟಿದಂತೆ ಕಾಣುತ್ತದೆ.

ನಮ್ಮ ಭಕ್ತರಲ್ಲಿ ಯಾರ ಹಿರಿಯರಾದರೂ ಶಾಲೆಗೆ ನೆಲ ಬಿಟ್ಟಿದ್ದರೆ, ಆ ನೆಲದ ಸರ್ವೆ ನಂಬರಿನ ಪಹಣಿಯನ್ನು ತೆಗೆಸಿ ಯಾರ ಹೆಸರಿನಲ್ಲಿದೆಯೆಂದು ನೋಡಬೇಕು. ಕುಟುಂಬದ ಹೆಸರಿನಲ್ಲಿಯೇ ಇದ್ದರೆ ಹಕ್ಕುದಾರರೆಲ್ಲರೂ ಸಹಿ ಹಾಕಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾನಪತ್ರವನ್ನು ನೋಂದಾಯಿಸಿಕೊಡಬಹುದು. ನೆಲವು ಗ್ರಾಮಠಾಣೆಯ ಒಳಗಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಶಾಲೆಯ ಹೆಸರಿಗೆ ಖಾತೆಯಾಗಿದೆಯೇ ಎಂಬುದನ್ನು ಮುಖ್ಯೋಪಾಧ್ಯಾಯರೊಡನೆ ಹೋಗಿ ವಿಚಾರಿಸಬೇಕು. ಶಾಲಾಭಿವೃದ್ಧಿ ಸಮಿತಿಯ ನಡಾವಳಿ ಪುಸ್ತಕದಲ್ಲಿ ಈ ವಿಷಯವನ್ನು ಬರೆಯಿಸಿ, ದಾನಪತ್ರದ ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಒಪ್ಪಿಸಿ ಸ್ವೀಕೃತಿ ಪಡೆಯುವುದು ಒಳಿತು.